ಗಿರಣಿ ನಿಂತ ದಿನಗಳು

ಕಳೆದ ಮಂಗಳವಾರ ಬೆಳಿಗ್ಗೆ ರಾಯಚೂರಿನ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸು ಜೋಳದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ನನ್ನ ಮಗ್ಗುಲಲ್ಲೇ ಹಾದುಹೋದಳು. ಆಗ ತಾನೇ ಬೀಸಿದ ಹಿಟ್ಟು. ಅದರ ಬಿಸಿ ವಾಸನೆ, ಅದರೊಳಗೆ ಸಣ್ಣಗೆ ಬೆರೆತ ಡೀಸೆಲ್ ವಾಸನೆ... ನಾನು ನಡೆಯುವುದನ್ನು ಬಿಟ್ಟು ನಿಂತುಬಿಟ್ಟೆ. ಎಂಟು ವರ್ಷದ ಹಿಂದಿನ ಹೆದರಿಕೆ ಮತ್ತೆ ಎದ್ದು ಕೂತಿತು.

ಆಗ ನಾವು ಮಾನ್ವಿಯಲ್ಲಿದ್ದೆವು. ಕಲ್ಲೂರಿನಲ್ಲಿ ಕುರಿ ಮಾರಿ ಬಂದ ಅಪ್ಪ ಅಲ್ಲಿ ಇನ್ನೊಬ್ಬರ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಇಂಜಿನ್ ಹಚ್ಚುವುದು, ಗಾಲಿಗೆ ಪಟ್ಟಾ ಏರಿಸುವುದು, ಬೀಸಿ ಕೊಡುವುದು ಅವನ ಕೆಲಸ. ಗಿರಣಿಯ ಹಿಂದಿನ ಕೋಣೆಯೇ ನಮ್ಮ ಮನೆ. ಅದಕ್ಕೆ ಗೋಡೆ ಹತ್ತಿದಂತೆ ಗುಡಿಯ ಪೂಜೆ ಮಾಡುವ ಆಚಾರ್ಯರ ಮನೆ. ಅವರ ಒಬ್ಬಳೇ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಹತ್ತೊಂಬತ್ತು, ನನಗೆ ಹನ್ನೆರಡು.

ಅಕ್ಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾತನಾಡಿಸಿದರೆ ನಮ್ಮ ಮಾತನ್ನೇ ನಮಗೆ ತಿರುಗಿಸಿ ಹೇಳುತ್ತಿದ್ದಳು. ಹಿತ್ತಲ ಕಡೆಯ ಪಡಸಾಲೆಯಲ್ಲಿ ಕೂತು, ಹಿಂದಕ್ಕೆ ಮುಂದಕ್ಕೆ ತೂಗುತ್ತ, ಹೂಬತ್ತಿ ಹೊಸೆಯುತ್ತಿದ್ದಳು. ಆ ವರ್ಷ ಅವರ ಮನೆಯಲ್ಲಿ ಲಕ್ಷ ಬತ್ತಿಯ ಸಂಕಲ್ಪವಿತ್ತು. ಗೋಡೆಯಾಚೆ ಇಂಜಿನ್ ಟುಕ್ ಟುಕ್ ಎನ್ನುತ್ತಿದ್ದರೆ ಅವಳ ಬೆರಳು ಅದಕ್ಕೆ ಸರಿಯಾಗಿ ತಿರುಗುತ್ತಿತ್ತು. ಒಂದೊಂದು ಕಟ್ಟಿಗೆ ನೂರು ಬತ್ತಿ.

ನನಗೂ ಎಣಿಸುವ ಹುಚ್ಚು. ದಸರಾ ರಜೆಯಲ್ಲಿ ಒಂದು ನೋಟ್‌ಬುಕ್ ಶುರು ಮಾಡಿದ್ದೆ. ತಾರೀಖು, ಗಿರಣಿ ಹಚ್ಚಿದ ಹೊತ್ತು, ನಿಲ್ಲಿಸಿದ ಹೊತ್ತು, ಬಂದ ಹೆಂಗಸರ ಸಂಖ್ಯೆ, ಅಕ್ಕನ ಬತ್ತಿ, ಎಲ್ಲ ಬರೆಯುತ್ತಿದ್ದೆ. ಹಿತ್ತಲ ಗೋಡೆಯ ಮೇಲೆ ಗಲ್ಲ ಊರಿ, “ಅಕ್ಕಾ, ಎಷ್ಟಾತು?” ಎಂದರೆ ತಲೆ ಎತ್ತದೆ “ಎಷ್ಟಾತು” ಎನ್ನುತ್ತಿದ್ದಳು, ಕಟ್ಟು ನಾನೇ ಎಣಿಸಿ ಬರೆಯುತ್ತಿದ್ದೆ. ಒಂದು ದಿನ ಅವಳ ಮುಂದಿದ್ದ ಕಟ್ಟನ್ನು ದೂರದಿಂದಲೇ ಎಣಿಸಿ ನೂರು ಎಂದೆ. “ತೊಂಬತ್ತೊಂಬತ್ತು,” ಎಂದಳು. ಅವಳು ನನ್ನ ಮಾತನ್ನು ತಿರುಗಿಸಿ ಹೇಳದೆ ತನ್ನದೇ ಮಾತು ಹೇಳಿದ್ದು ಅದೇ ಮೊದಲು. ಆ ದಿನವೆಲ್ಲ ಹಿಗ್ಗಿನಲ್ಲಿದ್ದೆ.

ಅವಳನ್ನು ಮುಟ್ಟುವಂತಿರಲಿಲ್ಲ. ಸೆರಗು ತಾಗಿದರೂ ಕೆಂಡ ಬಿದ್ದವಳಂತೆ ಚೀರುತ್ತಿದ್ದಳು. ಅದಕ್ಕೆ ಅವಳ ತಾಯಿ, ನಾವು ಅಮ್ಮಾರು ಅನ್ನುತ್ತಿದ್ದೆವು, ಒಂದು ಉಪಾಯ ಮಾಡಿದ್ದರು. ಬೆಳಿಗ್ಗೆ ಸ್ನಾನವಾದೊಡನೆ ಮಗಳಿಗೆ ಮಡಿಸೀರೆ ಉಡಿಸಿಬಿಡುವುದು. ಯಾರೇ ಹತ್ತಿರ ಬರಲಿ, “ಮುಟ್ಟಬ್ಯಾಡ್ರಿ, ಮಡೀಲೆ ಇದ್ದಾಳ.” ಮಡಿಯಲ್ಲಿದ್ದವರನ್ನು ಮುಟ್ಟಬಾರದು ಎಂಬುದು ಊರಿಗೆಲ್ಲ ಗೊತ್ತು, ಯಾರೂ ಕಾರಣ ಕೇಳುತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಅಕ್ಕನ ಹೆಗಲು ಸಡಿಲವಾಗುತ್ತಿತ್ತು. ಯಾರೂ ಬರುವುದಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು.

ಗಿರಣಿಗೆ ಬಂದ ಹೆಂಗಸರು ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. “ಯಾವಾಗ ನೋಡಿದ್ರೂ ಮಡ್ಯಾಗಽ ಇರತಾಳ. ಗುಡ್ಯಾಗಿನ ದೇವ್ರಿಗೂ ಇಷ್ಟು ಮಡಿ ಇಲ್ಲಬೇ!”

ಕೆಲವು ದಿನ ಮಾತ್ರ ಅಕ್ಕ ಬೆಳಿಗ್ಗೆಯಿಂದಲೇ ಅಳುತ್ತಿದ್ದಳು. ಅಳುವುದೆಂದರೆ ಸಣ್ಣ ಅಳುವಲ್ಲ. ಹಣೆಯನ್ನು ಕಂಬಕ್ಕೆ ಹೊಡೆದುಕೊಳ್ಳುತ್ತಿದ್ದಳು. ಆ ಸಪ್ಪಳ ನಮ್ಮ ಗೋಡೆಯಲ್ಲೂ ಕೇಳುತ್ತಿತ್ತು. ನಾನು ತಾರೀಖಿನ ಮುಂದೆ “ಅಕ್ಕ ಅತ್ತಳು” ಎಂದು ಬರೆದು, ಪುಸ್ತಕ ಮುಚ್ಚಿ, ಕಿವಿ ಮುಚ್ಚಿಕೊಂಡು ಕೂಡುತ್ತಿದ್ದೆ.

ಫಾಲ್ಗುಣದಲ್ಲಿ ಆಚಾರ್ಯರ ತಮ್ಮ ದೇವದುರ್ಗದಿಂದ ಬಂದರು. ಅಲ್ಲಿ ಶಾಲೆಯ ಮಾಸ್ತರು, ಅಕ್ಕನಿಗೆ ಕಾಕಾ. ಅವರ ಮಗಳಿಗೆ ಗಂಡು ನೋಡುತ್ತಿದ್ದರು. ದೊಡ್ಡಪ್ಪನ ಮನೆಯಲ್ಲಿ ಇಂಥದೊಂದು ಹುಡುಗಿ ಇದೆ ಎಂದು ತಿಳಿದು ಬೀಗರು ಹಿಂದೆ ಸರಿದಿದ್ದರು. ನಾನು ಗೋಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದನ್ನು ಕಂಡು ಕರೆದರು. ಅಕ್ಷರ ಮುತ್ತಿನಂತಿವೆ ಎಂದು ಹೊಗಳಿದರು. ನಾನು ಉಬ್ಬಿಹೋದೆ, ಕೇಳುವ ಮೊದಲೇ ಪುಸ್ತಕ ಕೊಟ್ಟೆ.

ಅವರು ಹಾಳೆ ತಿರುವುತ್ತ ಹೋದವರು ಒಂದು ಕಡೆ ನಿಂತರು. ಪಂಚಾಂಗ ತರಿಸಿದರು. ಬೆರಳಿಟ್ಟು ಬೆರಳಿಟ್ಟು ನೋಡಿ ಅಮ್ಮಾರನ್ನು ಕೂಗಿದರು.

“ವೈನಿ, ಬರ್ರಿಲ್ಲೆ! ನಾ ಹೇಳಿದ್ರ ನಂಬಲಿಲ್ಲ ನೀವು. ಈಗ ಈ ಕೂಸು ಬರದದ ನೋಡ್ರಿ. ಐದು ಅಮಾಸಿ, ಐದೂ ಅಮಾಸಿಗೆ ಅತ್ತಾಳ!”

ಅಮ್ಮಾರ ಮುಖದ ಬಣ್ಣ ಇಳಿಯಿತು. “ಬ್ಯಾರೆ ದಿನಾನೂ ಅತ್ತಾಳಲ್ಲಪ್ಪಾ...” ಎಂದರು.

“ಎರಡ ದಿನ. ಅಮಾಸಿ ಅಷ್ಟೂ ತಪ್ಪಿಲ್ಲ. ಇದು ಗಾಳೀದಽ. ಜಾಲಹಳ್ಳಿ ದಾಟಿದ ಮ್ಯಾಲ ಒಬ್ಬಾಂವ ಇದ್ದಾನ, ಬಿಡಸತಾನ. ಯುಗಾದಿ ಅಮಾಸಿಗೆ ಕರಕೊಂಡು ಹೋಗೋಣ.”

ಆಚಾರ್ಯರು ಕಂಬಕ್ಕೆ ಒರಗಿ ಕೂತಿದ್ದರು. “ನೋಡಿ ಬಂದ್ರಾತು,” ಎಂದರು.

ಅಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಮೆಣಸಿನಕಾಯಿ ಹೊಗೆ, ಜುಟ್ಟು ಹಿಡಿದು ಎಳೆಯುವುದು, ಬೇವಿನ ಬರಲಿನಿಂದ ಬಡಿಯುವುದು. ಗಿರಣಿಯಲ್ಲಿ ಹೆಂಗಸರು ಅದನ್ನೆಲ್ಲ ಕತೆ ಮಾಡಿ ಹೇಳುತ್ತಿದ್ದರು. ಸೆರಗು ತಾಗಿದರೆ ಚೀರುವ ಅಕ್ಕ... ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನವಿತ್ತು.

ಆ ಸಂಜೆ ಪುಸ್ತಕವನ್ನು ಮೊದಲಿಂದ ಓದಿದೆ. ಅಕ್ಕ ಅತ್ತ ದಿನ ಏಳು. ಐದು ಅಮಾವಾಸ್ಯೆ. ಉಳಿದ ಎರಡರ ಸಾಲಿನಲ್ಲಿ ನಾನೇ ಬರೆದಿದ್ದೆ: “ಪಟ್ಟಾ ಹರಿಯಿತು. ಗಿರಣಿ ಬಂದ್.” ಅಮಾವಾಸ್ಯೆಗೆ ಇಂಜಿನ್ನಿಗೆ ಪೂಜೆ ಮಾಡಿ, ಕಾಯಿ ಒಡೆದು, ದಿನವೆಲ್ಲ ಗಿರಣಿ ಬಂದ್ ಇಡುವುದು ಪದ್ಧತಿ. ಏಳೂ ದಿನ ಗಿರಣಿ ನಿಂತಿತ್ತು. ಆ ಸಪ್ಪಳ ಇಲ್ಲದ ದಿನ ಅಕ್ಕನಿಗೆ ದಿನವೇ ಹುಟ್ಟುತ್ತಿರಲಿಲ್ಲ.

ಅಪ್ಪನ ಹತ್ತಿರ ಓಡಿದೆ. “ಯಪ್ಪಾ, ಈ ಅಮಾಸಿಗೆ ಬರೇ ಇಂಜಿನ್ ಹಚ್ಚು. ಬೀಸೋದು ಬ್ಯಾಡ. ಅಕ್ಕ ಅಳದಿದ್ರ ಅವರಿಗೆ ತಿಳಿತದ.”

“ಹುಚ್ಚೇನಬೇ ನಿನಗ? ಅಮಾಸಿ ದಿನ ಇಂಜಿನ್ ಹಚ್ಚಿ ಪಟ್ಟಾಕ ಕೈ ಕೊಟ್ಟಾಂವನ್ನ ಕಣ್ಣಾರೆ ಕಂಡೀನಿ ನಾ. ಮಾಲಕ ನಾಳೀಗೆ ಮನಿ ಖಾಲಿ ಮಾಡು ಅಂತಾನ. ಆಚಾರ್ರ ಮನಿ ಮಾತು ಅದು, ನಾವು ಬಾಯಿ ಹಾಕಬಾರದು.”

ಅಪ್ಪ ಕೆಟ್ಟವನಲ್ಲ. ಅವನಿಗೂ ಹೆದರಿಕೆ. ನನಗೆ ಅವನ ಹೆದರಿಕೆಯೂ ಸೇರಿಕೊಂಡಿತು. ಅಮ್ಮಾರಿಗೆ ಹೇಳಬೇಕೆಂದು ದಿನಾ ಗೋಡೆಯ ತನಕ ಹೋಗಿ ಬರುತ್ತಿದ್ದೆ. ಹತ್ತು ದಿನ ಹೀಗೇ ಕಳೆದೆ.

ಅಮಾವಾಸ್ಯೆಯ ಹಿಂದಿನ ದಿನ ಕಾಕಾ ಬಂದರು. ಗಿರಣಿ ನಡೆಯುತ್ತಿದ್ದುದರಿಂದ ಅಕ್ಕ ಸಮಾಧಾನವಾಗಿ ತಂದೆ ತಾಯಿಯ ಹಿಂದೆ ಹೊರಟಳು. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಏದುಸಿರಿನಲ್ಲಿ ಕಾಕಾಗೆ ಎಲ್ಲ ಹೇಳಿದೆ. ಅವರು ಜೋರಾಗಿ ನಕ್ಕರು.

“ಗಿರಣಿ ನಿಂತ್ರ ರೊಟ್ಟಿ ಇಲ್ಲ ಅಂತ ನಾವು ಅಳಬೇಕು. ಆಕಿಗೇನಾಗ್ಯದ ಧಾಡಿ? ಹೋಗು, ಸಾಲಿಗೆ ಹೊತ್ತಾತು.”

ಅಮ್ಮಾರು ನನ್ನನ್ನೇ ನೋಡುತ್ತಿದ್ದರು. ಏನೋ ಹೇಳುವವರಂತೆ ಬಾಯಿ ತೆರೆದರು. ಅಷ್ಟರಲ್ಲಿ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಬಂತು, ಜನ ನುಗ್ಗಿದರು. “ಮುಟ್ಟಬ್ಯಾಡ್ರಿ, ಮಡೀಲೆ ಇದ್ದಾಳ!” ಎಂದು ಅಮ್ಮಾರು ಎರಡೂ ಕೈ ಅಡ್ಡ ಹಿಡಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಬಸ್ಸಿನ್ಯಾಗ ಎಂಥಾ ಮಡಿರೀ ಅಮ್ಮಾರ? ಸರೀರಿ, ಸರೀರಿ!” ಎಂದು ಅಕ್ಕನ ತೋಳು ಹಿಡಿದು ಮೇಲೆಳೆದ. ಬಸ್ ಹೊರಟ ಮೇಲೂ ಅವಳ ಚೀರಾಟ ಕೇಳುತ್ತಿತ್ತು...

ಒಂಬತ್ತು ದಿನ ಆ ಮನೆಯ ಬಾಗಿಲಿಗೆ ಬೀಗವಿತ್ತು. ಯುಗಾದಿಯ ಬೇವು ಅವರ ಬಾಗಿಲಿಗೆ ಬರಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ, ಬಸ್ಸು ಬಿಟ್ಟು, ಎತ್ತಿನ ಗಾಡಿಯಲ್ಲಿ ಬಂದಿಳಿದರು. ಅಕ್ಕನ ಕೂದಲು ಕತ್ತರಿಸಿದ್ದರು. ಮಣಿಕಟ್ಟಿನ ಸುತ್ತ ಹಗ್ಗದ ಗುರುತು. ಓಣಿಯವರು ನೋಡಲು ಮುಂದೆ ಬಂದರು. ಅಮ್ಮಾರು ರೂಢಿಯಂತೆ, “ಮುಟ್ಟಬ್ಯಾಡ್ರಿ, ಮಡೀಲೆ ಇದ್ದಾಳ,” ಎಂದರು.

ಆ ಮಾತು ಕೇಳಿದ್ದೇ ತಡ, ಅಕ್ಕ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಅಲ್ಲಿಯೂ ಅಮ್ಮಾರು ಅದನ್ನೇ ಕೂಗಿರಬೇಕು. ಅವರು ಕೂಗುತ್ತಿದ್ದಂತೆಯೇ ಕೈಗಳು ಬಂದಿರಬೇಕು. ಅಮ್ಮಾರು ಬಾಯಿಗೆ ಸೆರಗು ತುರುಕಿಕೊಂಡರು. ಆ ಮೇಲೆ ಅವರು ಆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಗಿರಣಿ ನಡೆಯುತ್ತಲೇ ಇತ್ತು. ಅಕ್ಕ ಮತ್ತೆ ಬತ್ತಿ ಹೊಸೆಯಲಿಲ್ಲ. ಗೋಡೆಯ ಮೇಲೆ ನನ್ನ ತಲೆ ಕಂಡರೆ ಒಳಗೆ ಓಡುತ್ತಿದ್ದಳು. ಮುಂದಿನ ವರ್ಷ ಅವರು ಮನೆ ಬಿಟ್ಟು ರಾಯಚೂರಿಗೆ ಹೋದರು.

ನಾನೀಗ ಇಲ್ಲಿ ಮಾಸ್ತರಿಕೆಯ ತರಬೇತಿಗೆ ಬಂದಿದ್ದೇನೆ. ಹೋದ ತಿಂಗಳು ನಮ್ಮ ಮೇಡಮ್ಮು ಒಂದು ಇಂಗ್ಲಿಷ್ ಪುಸ್ತಕದ ಪುಟ ಓದಿ ಕನ್ನಡದಲ್ಲಿ ಹೇಳಿದರು. ಕೆಲವು ಮಕ್ಕಳು ಹುಟ್ಟುವಾಗಲೇ ಹಾಗಿರುತ್ತಾರೆ; ಮುಟ್ಟಿದರೆ ಆಗದು, ದಿನದ ಕ್ರಮ ತಪ್ಪಿದರೆ ತಡೆಯರು; ಅದು ಗಾಳಿಯಲ್ಲ, ಹುಚ್ಚಲ್ಲ, ತಾಯಿಯ ತಪ್ಪೂ ಅಲ್ಲ; ಅದಕ್ಕೆ ಆಟಿಸಂ ಅನ್ನುತ್ತಾರೆ. ಅಂದಿನಿಂದ ಅಕ್ಕನ ಮನೆಯ ವಿಳಾಸ ಕೇಳುತ್ತ ಕೇಳುತ್ತ, ಮೊನ್ನೆ ಭಾನುವಾರ ಮಧ್ಯಾಹ್ನ ಕೋಟೆಯ ಹತ್ತಿರದ ಒಂದು ಓಣಿಯಲ್ಲಿ ಆ ಮನೆ ಹುಡುಕಿದೆ.

ಅಮ್ಮಾರು ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ಕುಂಕುಮವಿರಲಿಲ್ಲ. ಬಹಳ ಸಣ್ಣವರಾಗಿದ್ದರು. “ಒಳಗ ಇದ್ದಾಳ,” ಎಂದರು ಪಿಸುದನಿಯಲ್ಲಿ.

ಅಂದು ಪುಸ್ತಕ ಕೊಟ್ಟ, ಗಿರಣಿಯ ಮಾತನ್ನು ಹತ್ತು ದಿನ ಬಚ್ಚಿಟ್ಟ ನನ್ನ ತಪ್ಪನ್ನು ಹೇಳಿದೆ. ಮೇಡಮ್ಮು ಹೇಳಿದ್ದನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ಗಿರಣಿ ಮಾತು ನಂಗ ಮೊದಲಽ ಗೊತ್ತಿತ್ತವಾ. ತಾಯಿಗೆ ತಿಳಿಯೂದಿಲ್ಲೇನು? ಆದ್ರ ಒಂದು ಮನಸ್ಸು ಅಂತು, ಖರೇನಽ ಗಾಳಿ ಇದ್ರ? ಬಿಟ್ಟು ಹೋದ್ರ? ನಾಲ್ಕು ಮಂದಿಯಾಂಗ ಆದ್ರ? ಆ ಆಸೀಗೆ ಸುಮ್ಮನಾದೆ.” ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು. “ಈಗ ಹೆಸರಂತೂ ಸಿಕ್ತು ಅಂತೀ. ಆಕಿ ಅಪ್ಪ ಹೋದ್ರು. ನಾ ಹೋದ ಮ್ಯಾಲ ಆ ಹೆಸರು ಹೇಳಿ ಯಾರ ಮನಿ ಮುಂದ ನಿಂದರಬೇಕವಾ ಆಕಿ?”

ರಾಯಚೂರಿನಲ್ಲಿ ಅಂಥ ಒಂದು ಮನೆಯೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಒಮ್ಮೆ ನೋಡಿ ಹೋಗಲೇ ಎಂದು ಕೇಳಿದೆ.

“ಬ್ಯಾಡ. ಚಪ್ಲಿ ಸಪ್ಪಳ ಮಾಡಬ್ಯಾಡ ಹೋಗೂಮುಂದ. ಹೊರಗಿನವರು ಬಂದಾರಂತ ತಿಳೀತಂದ್ರ ಮೂರು ದಿನ ಅನ್ನ ಮುಟ್ಟೂದಿಲ್ಲ.”

ನಾನು ಚಪ್ಪಲಿ ಕೈಗೆ ತೆಗೆದುಕೊಂಡೆ. ಹಾಸುಗಲ್ಲುಗಳು ಕಾದಿದ್ದವು. ಓಣಿಯ ತುದಿ ಮುಟ್ಟುವ ತನಕ ಉಸಿರೂ ಕೇಳಿಸದಂತೆ ಬರಿಗಾಲಲ್ಲಿ ನಡೆದೆ.