ಬರ್ರಿ ಅನ್ನುವವರು ಯಾರು?

ನಮ್ಮ ದೊಡ್ಡಪ್ಪ ಯಾರ ಕಡೆಗೂ ಸೇರಿದವರಲ್ಲ. ಎಲ್ಲ ದೇಶಗಳು ಕೂಡಿ ನಡೆಸುವ ದೊಡ್ಡ ಕಚೇರಿಯೊಂದರಲ್ಲಿ ದುಡಿದು, ಪರದೇಶದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು, ಎಪ್ಪತ್ತರ ದಶಕದಲ್ಲಿ ನಿವೃತ್ತರಾಗಿ ಸೇಡಂಗೆ ಬಂದಿದ್ದರು. ಕೆಲಸಕ್ಕೆ ಸೇರುವಾಗ, ಸ್ವಂತ ದೇಶದ ಪಕ್ಷವನ್ನೂ ವಹಿಸುವುದಿಲ್ಲ ಎಂದು ಪ್ರಮಾಣ ಮಾಡಿದ್ದರಂತೆ. ನೌಕರಿ ಮುಗಿದರೂ ಪ್ರಮಾಣ ಮುಗಿದಿರಲಿಲ್ಲ. ಓಣಿಯ ನಳದ ಜಗಳಕ್ಕೆ ಕರೆದರೆ ಇಬ್ಬರಿಗೂ ಒಂದೇ ಅಳತೆಯ ಚಹಾ ಕೊಟ್ಟು, ಇಬ್ಬರದೂ ಸರಿ ಎಂದು ಕಳಿಸುತ್ತಿದ್ದರು. ಆ ಇಬ್ಬರೂ ಹೊರಗೆ ಹೋಗಿ, ಒಟ್ಟಿಗೆ ನಿಂತು ಇವರನ್ನು ಬೈಯುತ್ತಿದ್ದರು. ಅಷ್ಟರಮಟ್ಟಿಗೆ ಓಣಿಯಲ್ಲಿ ಶಾಂತಿ ನೆಲೆಸುತ್ತಿತ್ತು. ಬೆಕ್ಕು ಹಾಲು ಕುಡಿಯಿತೆಂದು ಅವ್ವ ಕೂಗಾಡಿದಾಗಲೂ, "ಪಾತೇಲಿ ಮ್ಯಾಲ ಮುಚ್ಚಳ ಇತ್ತೇನು? ಬೆಕ್ಕಿಂದೂ ಒಂದು ಮಾತು ಇರ್ತದಲ್ಲ," ಅಂದಿದ್ದರು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನ ಮದುವೆಯ ಮಾತುಕತೆಗೆ ಇವರೇ ಹಿರಿಯರು. ಗಂಡಿನವರು ಶಹಾಬಾದಿನವರು. ಹುಡುಗ ನನಗೆ ಭಾಳ ಹಿಡಿಸಿದ್ದ. ಅದನ್ನು ಯಾರೂ ಕೇಳಲಿಲ್ಲ, ಆ ಮಾತು ಬೇರೆ. ಮದುವೆ ತಮ್ಮೂರಲ್ಲೇ ಆಗಬೇಕೆಂದು ಅವರು, ಸೇಡಂನಲ್ಲೇ ಎಂದು ಅವ್ವ. ನಮ್ಮ ಪರವಾಗಿ ಮಾತಾಡಲೆಂದು ಅವ್ವ ದೊಡ್ಡಪ್ಪನನ್ನು ಜಮಖಾನೆಯ ಈ ತುದಿಗೆ ಕೂಡಿಸಿದ್ದಳು. ಮಾತು ಶುರುವಾಗುವಷ್ಟರಲ್ಲಿ ಅವರು ಸರಿದು ಸರಿದು ನಟ್ಟನಡುವೆ ಬಂದಿದ್ದರು.

"ಬೀಗರು ಹೇಳೂದ್ರಾಗೂ ಅರ್ಥ ಅದ," ಎಂದರು.

"ಭಾವಾರ, ನೀವು ನಮ್ಮ ಕಡಿ ಅದೀರಿ!" ಎಂದು ಅವ್ವ ಬಾಗಿಲ ಹಿಂದಿನಿಂದ ನೆನಪಿಸಿದಳು. ಉಪಯೋಗವಾಗಲಿಲ್ಲ. ಎರಡೂ ಊರು ಬೇಡ, ನಡುವಿನ ಚಿತ್ತಾಪುರದಲ್ಲಿ ಆಗಲಿ ಎಂದು ದೊಡ್ಡಪ್ಪ ತೀರ್ಮಾನ ಕೊಟ್ಟರು. ಅಲ್ಲಿ ಇಬ್ಬರಿಗೂ ನೆಂಟರಿಲ್ಲ, ಅದೇ ಆ ಊರಿನ ದೊಡ್ಡ ಗುಣ ಎಂದರು.

ಮದುವೆಯ ದಿನ ನಾವು ರೈಲಿನಲ್ಲಿ, ಅವರು ಲಾರಿಯಲ್ಲಿ ಹೊರಟು, ಚಿತ್ತಾಪುರದ ಧರ್ಮಶಾಲೆಯ ಬಾಗಿಲಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದೆವು. ತೊಡಕು ಹುಟ್ಟಿದ್ದೇ ಅಲ್ಲಿ. ನಮ್ಮಲ್ಲಿ ಮದುವೆಯೆಂದರೆ ಒಂದು ಕಡೆಯವರು ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಅನ್ನಬೇಕು, ಇನ್ನೊಂದು ಕಡೆಯವರು ಬಿಗುಮಾನದಿಂದ ಒಳಗೆ ಬರಬೇಕು. ಊರು ಯಾರದೂ ಅಲ್ಲದ ಮೇಲೆ ಬರ್ರಿ ಅನ್ನುವವರು ಯಾರು? ಎರಡೂ ಕಡೆಯವರು ಬಾಗಿಲ ಎಡಕ್ಕೂ ಬಲಕ್ಕೂ ಗುಂಪಾಗಿ, ಸುಡು ಬಿಸಿಲಲ್ಲಿ, ಕರೆಯುವವರಿಗಾಗಿ ಕಾಯುತ್ತ ನಿಂತೆವು. ಬಾಜಾದವರು ಗೊತ್ತಿದ್ದ ಹಾಡೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಒಳಗಿನಿಂದ ಅಡುಗೆಯವ ಬಂದು, "ಯಾರರ ಒಳಗ ಬರ್ರಿ, ಅನ್ನ ಆರಾಕತ್ತದ," ಅಂದ. ಅಡುಗೆಯವ ಕರೆದನೆಂದು ಮದುವೆಗೆ ಹೋಗಲಾದೀತೇ? ಯಾರೂ ಕದಲಲಿಲ್ಲ.

ಮುಹೂರ್ತ ಹತ್ತಿರವಾಯಿತು. ಕೊನೆಗೆ ಅವ್ವನೇ ಬಾಗಿಲ ಕಡೆ ಹೆಜ್ಜೆ ಇಟ್ಟಳು. ನಮ್ಮ ನೆಂಟರಲ್ಲೇ ಒಬ್ಬಾಕೆ ಅವಳ ಸೆರಗು ಹಿಡಿದು ಹಿಂದಕ್ಕೆಳೆದಳು. ಗಂಡನಿಲ್ಲದವಳು ಬೀಗರನ್ನು ಎದುರುಗೊಳ್ಳಬಾರದಂತೆ. ನನಗೆ ಮೈಯೆಲ್ಲ ಉರಿಯಿತು. ಇವತ್ತಿಗೂ ಉರಿಯುತ್ತದೆ.

"ಬರ್ರಿ ಅನ್ನೋರೇ ಇಲ್ಲದಲ್ಲಿ ನಮಗೇನು ಕೆಲಸ? ನಡೀರಿ, ಲಾರಿ ಹತ್ರಿ," ಎಂದ ವರನ ಸೋದರಮಾವ. ಕೆಲವರು ಹತ್ತಿಯೂ ಬಿಟ್ಟರು. ವರ ಬಾಸಿಂಗ ಸರಿಸಿ ದಿಕ್ಕುತೋಚದೆ ನನ್ನನ್ನು ನೋಡಿದ.

ದೊಡ್ಡಪ್ಪ ಎರಡು ಗುಂಪುಗಳ ನಡುವೆ ಕೊಡೆ ಹಿಡಿದುಕೊಂಡು, "ಎರಡೂ ಕಡಿಯವರು ಕೂಡೇ ಒಳಗ ಹೋದ್ರ ಆಯ್ತಲ್ಲ," ಎಂದು ವಿವರಿಸುತ್ತಿದ್ದರು. ನಾನು ಮದುಮಗಳೆಂಬುದನ್ನೂ ಮರೆತು ಕೂಗಿದೆ: "ದೊಡ್ಡಪ್ಪ, ನೀವು ಯಾರ ಕಡಿ?"

ಅವರು ತಿರುಗಿದರು. ನೋಡಿದ್ದು ನನ್ನನ್ನಲ್ಲ, ಅವ್ವನ ಸೆರಗನ್ನು ಇನ್ನೂ ಹಿಡಿದಿದ್ದ ಆ ಕೈಯನ್ನು. ಕೊಡೆ ಮಡಚಿದರು. ಹೋಗಿ ಸೆರಗು ಬಿಡಿಸಿ, ಅವ್ವನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ಪಕ್ಕದಲ್ಲಿ ತಾವೂ ನಿಂತರು. ಆಮೇಲೆ ಚಿತ್ತಾಪುರಕ್ಕೆಲ್ಲ ಕೇಳುವಂತೆ ಕೂಗಿದರು:

"ಬರ್ರಿ ಬೀಗರ, ಬರ್ರಿ! ನಾವು ಹೆಣ್ಣಿನ ಕಡಿಯವರು!"

ಲಾರಿ ಹತ್ತಿದವರು ಇಳಿದರು. ಅನ್ನ ಆರಿ ಹೋಗಿತ್ತು, ಯಾರೂ ತಕರಾರು ಮಾಡಲಿಲ್ಲ. ಆದರೆ ಅವತ್ತು ಪಂಕ್ತಿಯಲ್ಲಿ ದೊಡ್ಡಪ್ಪ ತುಪ್ಪ ಬಡಿಸುವಾಗ ನಮ್ಮವರಿಗೆ ಹೆಚ್ಚು, ಶಹಾಬಾದಿನವರಿಗೆ ಕಡಿಮೆ ಹಾಕಿದರೆಂದು ನನ್ನ ಗಂಡ ಈಗಲೂ ದೂರುತ್ತಾರೆ.