ಎರಡು ದಿನದ ಕೆಲಸ

ಕೊಳ್ಳೇಗಾಲದ ನಮ್ಮ ಮನೆಯ ಹಿಂದಿನ ಪಡಸಾಲೆಯೇ ನನ್ನ ಕೆಲಸದ ಜಾಗ. ನಮ್ಮ ಬೀದಿ ತುಂಬ ರೇಷ್ಮೆ ಮಗ್ಗಗಳಿದ್ದವು. ಅವುಗಳ ಲಾಳಿ, ಹಲಗೆ, ಕಾಲುಮಣೆ ರಿಪೇರಿ ಮಾಡುವುದರಲ್ಲೇ ನನ್ನ ದಿನ ಕಳೆಯುತ್ತಿತ್ತು. ಗಿಟಾರ್ ಎಂಬುದನ್ನು ನಾನು ಮೊದಲು ಮುಟ್ಟಿದ್ದು ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ. ಕಾಮಗೆರೆಯ ಕಾಂಪೌಂಡರ್ ಒಬ್ಬರು ದುಪ್ಪಟಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನನ್ನ ಮುಂದಿಟ್ಟರು.

ಅವರು ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಕಲಸಿ ಕೊಡುವ ಕೆಲಸದಲ್ಲಿದ್ದರು. ಮೂವತ್ತೈದರ ಆಸುಪಾಸು, ಒಂಟಿ ಜೀವ. ಊರು ಹನೂರಿನಾಚೆ, ತಮಿಳು ಗಡಿಯ ಹತ್ತಿರ. ಬೆಂಗಳೂರಿನಲ್ಲಿ ಓದುವಾಗ ಗಿಟಾರ್ ಕಲಿತಿದ್ದರಂತೆ. ಆ ವರ್ಷದ ಬಿಸಿಲಿಗೆ ಅದರ ಬೆನ್ನಿನ ಹಲಗೆ ಸೀಳಿತ್ತು. ತಂತಿ ಕಟ್ಟುವ ಕುದುರೆ ಎದ್ದು ಬಂದಿತ್ತು.

"ನೀವು ವೀಣೆ ರಿಪೇರಿ ಮಾಡಿದ್ದೀರಂತಲ್ಲ ಆಚಾರ್ರೆ, ಇದನ್ನೂ ಒಸಿ ನೋಡಿ. ಅವಸರ ಏನಿಲ್ಲ" ಎಂದರು.

ಬಿಸಿ ಚಾಕುವಿನಿಂದ ಅಂಟು ಬಿಡಿಸಿ ಬೆನ್ನು ತೆಗೆದೆ. ಮುಂದಿನ ಹಲಗೆಯ ಒಳಮೈಗೆ ಏಳು ಸಣ್ಣ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಅಂಟಿಸಿದ್ದರು. ಹಲಗೆ ಎಷ್ಟು ತೆಳುವೆಂದರೆ ಹೆಬ್ಬೆರಳಿಟ್ಟರೆ ಬಾಗುತ್ತಿತ್ತು. ಇಷ್ಟು ತೆಳು ಮರ ಆರು ತಂತಿಗಳ ಎಳೆತವನ್ನು ಹೇಗೆ ತಾಳುತ್ತದೆ ಎಂದು ಯೋಚಿಸುತ್ತ ಊಟ ಮರೆತು ಕೂತೆ. ಇಂಥದ್ದೊಂದನ್ನು ನಾನೇ ಮಾಡಬೇಕು ಅನ್ನಿಸಿತು. ಅದನ್ನು ಅವರಿಗೆ ಹೇಳಿದ್ದರೆ ಸಂತೋಷದಿಂದ ಒಪ್ಪುತ್ತಿದ್ದರು. ನಾನು ಹೇಳಲಿಲ್ಲ.

ಅಪ್ಪ ಮಾಡಿದ್ದ ಹಳೆಯ ಬೀಟೆ ಮಂಚವೊಂದು ಮುರಿದು ಬಿದ್ದಿತ್ತು. ಅದನ್ನು ಕೊಯ್ದು ಬೆನ್ನಿಗೂ ಪಕ್ಕೆಗಳಿಗೂ ಹಲಗೆ ಮಾಡಿಕೊಂಡೆ. ಕಬ್ಬಿಣದ ಪೈಪಿನೊಳಗೆ ಕೆಂಡ ತುಂಬಿ, ನೆನೆಸಿದ ಪಕ್ಕೆಯನ್ನು ಅದರ ಮೇಲಿಟ್ಟು ಬಗ್ಗಿಸುತ್ತಿದ್ದೆ. ಮೊದಲ ಮೂರು ಚಟ್ಟನೆ ಮುರಿದವು. ನಾಲ್ಕನೆಯದು ಬಗ್ಗಿತು. ಮುಂದಿನ ಹಲಗೆಗೆ ಬೇಕಾದ ಹಗುರ ಬಿಳಿ ಮರ ಮಾತ್ರ ಎಲ್ಲೂ ಸಿಗಲಿಲ್ಲ. ಆಗ ಕಾಂಪೌಂಡರಿಗೆ, "ನಿಮ್ಮದಕ್ಕೆ ತೇಪೆ ಹಾಕಬೇಕು, ಬಿಳಿ ಮರ ಬೇಕಿತ್ತು ಸಾ" ಎಂದೆ. ಮುಂದಿನ ಭಾನುವಾರ ಅವರು ಆಸ್ಪತ್ರೆಗೆ ಯಂತ್ರ ಬಂದಿದ್ದ ಪೆಟ್ಟಿಗೆಯ ಎರಡು ಹಲಗೆಗಳನ್ನು ಕೇಳಿ ಪಡೆದು, ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ತೇಪೆಗೆ ಒಂದು ಗೇಣು ಸಾಕಿತ್ತು. ಉಳಿದದ್ದೆಲ್ಲ ನನ್ನ ಗಿಟಾರಿನ ಎದೆಯಾಯಿತು.

ಪ್ರತಿ ಭಾನುವಾರ ಕಾಂಪೌಂಡರ್ ಕಾಮಗೆರೆಯ ಮೇಲೆ ಬರುವ ಹನೂರಿನ ಬಸ್ಸಿಗೆ ಬರುತ್ತಿದ್ದರು. ಜಗಲಿಯ ಮೇಲೆ ಕೂತು, ಬಲಗೈ ಬೆರಳುಗಳನ್ನು ಮೊಣಕಾಲ ಮೇಲೆ ಒಂದಾದ ಮೇಲೊಂದರಂತೆ ಆಡಿಸುತ್ತಿದ್ದರು. ಬಿಟ್ಟರೆ ಬೆರಳು ಮರೆತುಹೋಗುತ್ತದೆ ಎನ್ನುತ್ತಿದ್ದರು. "ಆಯ್ತಾ?" ಎಂದು ಕೇಳುವರು. "ಇನ್ನೊಂದು ವಾರ ಸಾ, ಸರೇಸಿನ ಅಂಟು ಇನ್ನೂ ಹಸಿ ಅದೆ" ಎನ್ನುವೆ. ಮಳೆಗಾಲ ಕಳೆಯುವಷ್ಟರಲ್ಲಿ ಅವರ ಅಂಗಿ ಮೈಮೇಲೆ ಜೋಲತೊಡಗಿತು. ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ನನ್ನ ಹೆಂಡತಿ ಬಿಸಿನೀರು ತಂದುಕೊಟ್ಟು ಒಳಗೆ ಬಂದವಳು, "ಆವಯ್ಯನ್ದು ಆವಯ್ಯಂಗೆ ಕೊಟ್ಬುಡಿ. ಒಣ್ಗೋಗಿರೋ ಸರೇಸ್ನ ಹಸಿ ಅಂತ ಎಷ್ಟು ದಿಸ ಯೋಳೀರಿ" ಎಂದಳು. ಅವರ ಗಿಟಾರಿನ ಬೆನ್ನು ಮುಚ್ಚಿಬಿಟ್ಟರೆ ಮತ್ತೆ ಒಳಗೆ ನೋಡಲಾಗುವುದಿಲ್ಲ. ನನ್ನ ಪಟ್ಟಿಗಳ ದಪ್ಪ ಇನ್ನೂ ಹೊಂದಿರಲಿಲ್ಲ. ಅವರದನ್ನು ತಟ್ಟಿ, ನನ್ನದನ್ನು ತಟ್ಟಿ, ಒಂದೊಂದು ಎಳೆ ಹೆರೆಯುತ್ತಿದ್ದೆ.

ಕೊನೆಯ ಸಲ ಬಂದಾಗ ಅವರು ಜಗಲಿ ಹತ್ತಲು ಕಂಬ ಹಿಡಿದರು.

"ಚಿಕಿತ್ಸೆಗೆ ಮದ್ರಾಸ್ ಕಡೆ ಓಯ್ತಾ ಇದ್ದೀನಿ. ಓಗೋ ಮುಂಚೆ ಒಂದ್ಸಲ ತಂತಿ ಕಟ್ಟಿ ನೋಡೋಕಾಯ್ತದಾ?"

"ಈಗ ಬಿಗಿದ್ರೆ ಕಿತ್ಕೊಂಡು ಬತ್ತದೆ ಸಾ. ನೀವು ಬರೋ ಹೊತ್ಗೆ ತಯಾರಾಗಿರ್ತದೆ."

"ಸರಿ ಬಿಡಿ. ಕೆಲಸ ಕೆಡಬಾರದು" ಎಂದು ಅವರು ಎದ್ದರು. ಬಸ್ಸಿನ ತನಕ ಹೋಗಿ ಬರೋಣ ಅಂದುಕೊಂಡೆ. ಹೋಗಲಿಲ್ಲ.

ಅವರು ಹಿಂತಿರುಗಲಿಲ್ಲ. ತಿಂಗಳೊಳಗೆ ಅಲ್ಲೇ ತೀರಿಕೊಂಡರೆಂದು ಹನೂರಿನ ಬಸ್ಸಿನ ಕಂಡಕ್ಟರ್ ಹೇಳಿದ. ಅಂದೇ ಮಧ್ಯಾಹ್ನ ಸರೇಸು ಕಾಯಿಸಿ ಅವರ ಗಿಟಾರಿನ ಬೆನ್ನು ಮುಚ್ಚಿದೆ. ಮರುದಿನ ಕುದುರೆ ಕೂರಿಸಿ, ಅಂಟು ಕಚ್ಚಿದ ಮೇಲೆ ತಂತಿ ಕಟ್ಟಿದೆ. ಒಟ್ಟು ಎರಡು ದಿನದ ಕೆಲಸ. ಏಳು ತಿಂಗಳು ಇಟ್ಟುಕೊಂಡಿದ್ದೆ.

ಅದನ್ನು ಗೋಡೆಗೆ ನೇತು ಹಾಕಿದೆ. ಎದುರುಮನೆಯ ಮಗ್ಗ ಶುರುವಾದರೆ ಸಾಕು, ಮುಟ್ಟುವವರಿಲ್ಲದೆಯೇ ಅದರ ದಪ್ಪ ತಂತಿಗಳು ಗುಂಯ್‌ಗುಟ್ಟುತ್ತಿದ್ದವು. ನೆಲ ಅದುರುವುದಕ್ಕೆ ಹಾಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಳಿ ಕೆಳಗಿಟ್ಟು ಜಗಲಿಯ ಕಡೆ ನೋಡುತ್ತಿದ್ದೆ. ಹೆಂಡತಿ ಅದರ ಮೇಲೆ ತನ್ನ ಹಳೆ ಸೀರೆ ಹೊದಿಸಿದಳು. ಸೀರೆಯೊಳಗಿಂದಲೂ ಕೇಳಿಸುತ್ತಿತ್ತು. ಭಾನುವಾರ ಮಗ್ಗಗಳು ನಿಂತಿರುತ್ತಿದ್ದವು. ಆ ದಿನ ಏನೂ ಕೇಳಿಸದಿರುವುದು ಇನ್ನೂ ಕಷ್ಟವಾಗುತ್ತಿತ್ತು.

ಎರಡು ವರ್ಷ ಹೀಗೇ ಇದ್ದು, ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಹನೂರಿನಾಚೆಯ ಅವರ ಊರಿಗೆ ಗಿಟಾರ್ ತೆಗೆದುಕೊಂಡು ಹೋದೆ. ಮನೆಯಲ್ಲಿ ಅವರ ಅಕ್ಕ ಒಬ್ಬರೇ ಇದ್ದರು. ರಾಗಿ ಕೇರುತ್ತಿದ್ದವರು ಮೊರ ಬದಿಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಮಡಿಲಿಗೆ ತೆಗೆದುಕೊಂಡರು. ತಮ್ಮನನ್ನು ಅವರು ತಂಬಿ ಎನ್ನುತ್ತಿದ್ದರು.

"ತಂಬಿ ಕಾಗದದಾಗೆ ನಿಮ್ಮ ಸುದ್ದೀನೆ ಬರೀತಿದ್ದ. ಆಚಾರ್ರು ಬಾಳ ನಿಧಾನ, ಆದ್ರೆ ಅಂಥ ನೇಮದ ಕೆಲಸ್ಗಾರ್ನ ಎಲ್ಲೂ ಕಂಡಿಲ್ಲ ಅಂತ."

ನಾನು ನಿಂತೇ ಎಲ್ಲವನ್ನೂ ಹೇಳಿದೆ. ತೇಪೆಯ ಸುಳ್ಳು, ಸರೇಸಿನ ಸುಳ್ಳು, ಕೊನೆಯ ಭಾನುವಾರ. ಅವರು ಗಿಟಾರಿನ ಸೀಳು ಕೂಡಿಸಿದ ಗೆರೆಯನ್ನು ಬೆರಳಿನಿಂದ ಸವರುತ್ತ ಕೇಳಿದರು.

"ಮುಚ್ಚಿ ಕೊಡಕೆ ಎಷ್ಟು ದಿಸ ಬೇಕಿತ್ತು?"

"ಎರಡು ದಿವಸ ತಾಯಿ."

ಅವರು ಎದ್ದರು. ಗಿಟಾರನ್ನು ಒಳಗೆ ಇಟ್ಟು ಬಂದು ಮತ್ತೆ ಮೊರ ಎತ್ತಿಕೊಂಡರು. ಕೇರುತ್ತಲೇ, "ಮೂರು ಗಂಟೆ ಬಸ್ಸು ತಪ್ಪಿದ್ರೆ ಇವತ್ತಿಗೆ ಬೇರೆ ಇಲ್ಲ" ಎಂದರು. ನಾನು ಹೊರಟೆ.

ನನ್ನ ಗಿಟಾರನ್ನು ಮುಗಿಸಲು ಮನಸ್ಸು ಬಂದದ್ದು ಎಪ್ಪತ್ತರ ದಶಕದಲ್ಲಿ. ಬಿಟ್ಟರೆ ಹುಳು ತಿನ್ನುತ್ತದೆ ಎಂದು ಹೆಂಡತಿ ಅಂದಳು. ಹಿತ್ತಾಳೆ ಪಟ್ಟಿಯಿಂದ ಕುತ್ತಿಗೆಯ ಮೇಲೆ ಸ್ವರದ ಮೆಟ್ಟಿಲು ಕೂರಿಸಿದೆ. ದಪ್ಪ ತಂತಿಗಳಿಗೆ ರೇಷ್ಮೆ ಎಳೆಗಳ ಮೇಲೆ ಜರಿಯ ತಂತಿ ಸುತ್ತಿದೆ. ಯಳಂದೂರಿನ ಶಾಲಾ ಮೇಷ್ಟ್ರೊಬ್ಬರಿಗೆ ನುಡಿಸಲು ಬರುತ್ತದೆಂದು ತಿಳಿದು ಅವರನ್ನು ಕರೆಸಿದೆ. ಅವರು ಶ್ರುತಿ ಮಾಡಿಕೊಂಡು ಕಣ್ಣು ಮುಚ್ಚಿ ನುಡಿಸತೊಡಗಿದರು. ಸ್ವರ ಪಡಸಾಲೆ ತುಂಬಿ ಹಿತ್ತಲಿಗೂ ಹರಿಯಿತು. ಎರಡನೆಯ ಹಾಡು ಶುರುಮಾಡುವಾಗ ಅವರ ಬಲಗೈ ಬೆರಳುಗಳು ಕಾಂಪೌಂಡರು ಮೊಣಕಾಲ ಮೇಲೆ ಆಡಿಸುತ್ತಿದ್ದ ಹಾಗೆಯೇ ಆಡುವುದು ಕಂಡು ನಾನು ಎದ್ದು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ.

ಅವರು ನುಡಿಸುವುದನ್ನು ನಿಲ್ಲಿಸಿ ಹೊರಗೆ ಬಂದರು. "ಯಾಕ್ರಿ, ಚೆನ್ನಾಗಿ ಬರ್ಲಿಲ್ವ?" ಎಂದು ಕೇಳಿದರು.

"ಚೆನ್ನಾಗದೆ ಸಾ" ಎಂದೆ. ನಿಜವಾಗಿಯೂ ಬಹಳ ಚೆನ್ನಾಗಿತ್ತು.