ಹೆಂಡತಿಯ ಹೆಸರಿನ ಎದೆನೋವು

1988ರಲ್ಲಿ ನನ್ನ ಗಂಡನಿಗೆ ವಿಶಾಖಪಟ್ಟಣದ ಬ್ಯಾಂಕ್ ಶಾಖೆಗೆ ವರ್ಗವಾಯಿತು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಊರಂಚಿನ ಪೆಂದುರ್ತಿಯಲ್ಲಿ ಕ್ಲಿನಿಕ್ ತೆರೆದೆ. ಕನ್ನಡದ ಡಾಕ್ಟರಮ್ಮ ಇದ್ದಾಳೆಂದು ತಿಳಿದು ನೌಕಾಪಡೆಯವರ ಮನೆಯ ಹೆಂಗಸರು ಬರತೊಡಗಿದರು.

ಹಾಗೆ ಬಂದವಳು ಧಾರವಾಡ ಕಡೆಯ ಗಿರಿಜಾ. ಎದೆ ಹಿಡಿದಂತಾಗುತ್ತದೆ, ಎಡಗೈ ಸೆಳೆಯುತ್ತದೆ ಎಂದಳು. ಇಸಿಜಿ ತೆಗೆದೆ. ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೀಚುವ ಆ ಪರೀಕ್ಷೆಯಲ್ಲಿ ಒಂದಿಷ್ಟೂ ದೋಷವಿರಲಿಲ್ಲ.

"ನೋವು ಯಾವಾಗ ಬರುತ್ತಮ್ಮಾ?"

"ಸ್ಕೂಟರ್ ಕಿಕ್ ಹೊಡಿಯೂ ಮುಂದ ಭಾಳ ಬರ್ತದ್ರೀ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಸ್ಕೂಟರ್ ನೀನು ಓಡಿಸ್ತೀಯಾ?"

ಆಕೆಯ ಕಣ್ಣು ತುಂಬಿತು. "ನಮ್ಮನಿಯವರು ಹೊರಗ ನಿಂತಾರ್ರೀ. ನಿನಗ ಅಂತ ಹೇಳಿ ಮಾತ್ರಿ ಇಸಗೊಂಡು ಬಾ ಅಂದಾರ."

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬೇವಿನ ಮರದಡಿ ಅವಳ ಗಂಡ, ನೌಕಾಪಡೆಯ ಪೆಟಿ ಆಫೀಸರ್ ಬಸವರಾಜ, ಕಟ್ಟುಮಸ್ತಾದ ಆಳು, ಸ್ಕೂಟರಿಗೆ ಒರಗಿ ನಿಂತಿದ್ದ. ಹತ್ತಿರ ಹೋಗಿ, ಒಳಗೆ ಬನ್ನಿ ಎಂದೆ.

"ನನಗೇನಾಗೇದ್ರೀ ಮೇಡಂ? ನಾಳೆ ಮುಂಜಾನೆ ಹಡಗು ಹೊರಡ್ತದ. ಎದಿನೋವು ಅಂದ್ರ ಮೆಡಿಕಲ್ ಕೆಟಗರಿ ಇಳಿಸಿ ದಂಡೀ ಮ್ಯಾಲೆ ಕೂಡಸ್ತಾರ. ಪ್ರಮೋಷನ್ನೂ ಹೋತು, ಸಮುದ್ರಾನೂ ಹೋತು."

ಅಷ್ಟೆಂದು ಕಿಕ್ ಹೊಡೆದ. ಸ್ಟಾರ್ಟ್ ಆಗಲಿಲ್ಲ. ಮತ್ತೊಮ್ಮೆ ಹೊಡೆಯಲು ಎತ್ತಿದ ಕಾಲು ಅಲ್ಲೇ ನಿಂತಿತು. ಮುಖವೆಲ್ಲ ಬೆವರು. ಅಯ್ಯೋ, ಬಿದ್ದನಲ್ಲ ಎಂದುಕೊಳ್ಳುವಷ್ಟರಲ್ಲಿ ಗಿರಿಜಾ ಓಡಿಬಂದು ಹಿಡಿದಳು. ಇಬ್ಬರೂ ಹೆಗಲು ಕೊಟ್ಟು ಒಳಗೆ ಮಲಗಿಸಿದೆವು.

ನಾಲಿಗೆಯಡಿ ಮಾತ್ರೆ ಇಟ್ಟು ಇಸಿಜಿ ತಂತಿಗಳನ್ನು ಹಚ್ಚಿದೆ. ಹೃದಯಾಘಾತವೇ, ಅನುಮಾನವಿರಲಿಲ್ಲ. ಕಾಂಪೌಂಡರ್ ಅಪ್ಪಾರಾವ್ ಕಾರು ತರಲು ಓಡಿದ. ದೊಡ್ಡಾಸ್ಪತ್ರೆಗೆ ಕೊಡುವ ಇಸಿಜಿ ಕಾಗದದ ಮೇಲೆ ಹೆಸರು ಬರೆಯಲು ಪೆನ್ನೆತ್ತಿದಾಗ ಬಸವರಾಜ ನನ್ನ ಮಣಿಕಟ್ಟು ಹಿಡಿದ.

"ಆಕೀ ಹೆಸರು ಬರೀರಿ, ಮೇಡಂ. ಕೈ ಮುಗಿತೀನಿ."

ನಾನು ಬೈಯುವ ಮೊದಲೇ ಗಿರಿಜಾ ಸಿಡಿದಳು. "ಹೆಸರು ನಂದು ಬರಿಸಿ ನೀವು ಹೆಣ ಆಗ್ತೀರೇನು? ಸಮುದ್ರ ಹೋದ್ರ ಹೋಗ್ಲಿ. ಜೀವ ಉಳದ್ರ ಬೇಡಿ ತಿಂದೇವು!"

"ಕಾರು ವಚ್ಚಿಂದಂಡೀ!" ಕಾರು ಬಂತೆಂದು ಅಪ್ಪಾರಾವ್ ಬಾಗಿಲಿನಿಂದ ತೆಲುಗಿನಲ್ಲಿ ಕೂಗಿದ. ಮಣಿಕಟ್ಟಿನ ಹಿಡಿತ ಸಡಿಲಿತು. ಅವನ ಹೆಸರನ್ನೇ ಬರೆದೆ.

ದೊಡ್ಡಾಸ್ಪತ್ರೆಯಲ್ಲಿ ಅವನು ಉಳಿದುಕೊಂಡ. ಹಡಗು ಅವನನ್ನು ಬಿಟ್ಟು ಹೊರಟಿತು. ಅವನಂದಂತೆಯೇ ಮುಂದೆ ದಡದ ಉಗ್ರಾಣದ ಕೆಲಸವೇ ಗತಿಯಾಯಿತು. ಬಹಳ ಕಾಲ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ತಿರುಗಿಸಲಿ ಬಿಡಿ, ತಿರುಗಿಸಲು ಮುಖವಾದರೂ ಇತ್ತಲ್ಲ!

ಗಂಡಸರನ್ನು ಡಾಕ್ಟರರಿಂದ ದೂರವಿಡುವುದು ಬರೀ ಜಂಬ ಎಂದುಕೊಂಡಿದ್ದೆ. "ಇನ್ನು ಈ ಕೆಲಸ ನಿನ್ನಿಂದಾಗದು" ಎಂಬ ಮಾತಿಗೆ ಅವರು ಸಾವಿಗಿಂತ ಹೆಚ್ಚು ಹೆದರುತ್ತಾರೆಂದು ಅಂದು ತಿಳಿಯಿತು. ಆಮೇಲೆ ಯಾವ ಹೆಂಗಸು ಎದೆನೋವೆಂದು ಬಂದರೂ, ಅವಳನ್ನು ಪೂರ್ತಿ ಪರೀಕ್ಷಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ಹೊರಗೆ ಯಾರು ನಿಂತಿದ್ದಾರಮ್ಮಾ?"